ಡ್ರೈವರ್ ಒಳಗೆ ಇಣುಕಲು ಡ್ರ್ಯಾಗನ್: ಬೋಟಿನ ಜಿಪಿಎಸ್ ಇಟ್ಟುಕೊಂಡು ಒಂದು ವಿಮರ್ಶೆ

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಯುಎಸ್‌ಬಿ ಜಿಪಿಎಸ್ ಹಾಕಿಸಿದವರಿಗೆ ಈ ತಾಪತ್ರಯ ಗೊತ್ತು. ಉಪ್ಪುಗಾಳಿಗೆ ಪಿನ್ನು ಕಿಲುಬುಗಟ್ಟಿ ಸಂಪರ್ಕ ಕಡಿಯುತ್ತದೆ, ಮತ್ತೆ ಕೂಡುತ್ತದೆ. ಆಗ ಲಿನಕ್ಸ್ ಅದಕ್ಕೆ ಕೊಟ್ಟ ಹೆಸರು ಟಿಟಿವೈಯುಎಸ್‌ಬಿ0 ಇದ್ದದ್ದು ಟಿಟಿವೈಯುಎಸ್‌ಬಿ1 ಆಗಿರುತ್ತದೆ, ನಕ್ಷೆಯ ಪ್ರೋಗ್ರಾಂ ಹಳೆಯದನ್ನೇ ಹಿಡಿದು ಕೂತಿರುತ್ತದೆ.

ಕಾರಣವನ್ನು ಲಿನಕ್ಸ್ ಕರ್ನಲ್‌ನಲ್ಲೇ (ಸಾಧನಗಳ ಡ್ರೈವರ್‌ಗಳು ಓಡುವ ವ್ಯವಸ್ಥೆಯ ತಿರುಳು) ಹುಡುಕಬೇಕೆಂದರೆ ಡ್ರ್ಯಾಗನ್ (ಬರೆಯುವುದು ಡಿಆರ್‌ಜಿಎನ್) ಎಂಬ, ಪೈಥಾನ್‌ನಲ್ಲಿ ಬಳಸುವ ಡಿಬಗರ್ ಬಳಸಿ. ಕರ್ನಲ್‌ಗೆ ಸೇರಿಸುವ ಮಾಡ್ಯೂಲ್ ಬರೆದು ಪ್ರಿಂಟ್‌ಕೆ (ಲಾಗ್‌ನಲ್ಲಿ ಸಾಲು ಬರೆಸುವ ಆಜ್ಞೆ) ಹಾಕುವಾಗ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ತಪ್ಪಿದರೂ ಊಪ್ಸ್ (ಕರ್ನಲ್ ದೋಷ), ಕೆಲವೊಮ್ಮೆ ಯಂತ್ರವೇ ಸ್ತಬ್ಧ. ಡ್ರ್ಯಾಗನ್ ಕರ್ನಲ್‌ನ ಮೆಮೊರಿ ತೋರಿಸುವ /ಪ್ರಾಕ್/ಕೆಕೋರ್ ಫೈಲ್ ಮೂಲಕ ಬರೀ ಓದುತ್ತದೆ. ವಿಳಾಸ ತಪ್ಪಿದರೆ ಪೈಥಾನ್‌ನಲ್ಲಿ ಫಾಲ್ಟ್‌ಎರರ್ ಬರುತ್ತದೆ, ಅಷ್ಟೇ.

ಡೆಬಿಯನ್ 12ರಲ್ಲಿ ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ನೇರವಾಗಿ ಹಾಕಲು ಬಿಡುವುದಿಲ್ಲ. ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿ, ಅಲ್ಲಿ ಡ್ರ್ಯಾಗನ್ ಹಾಕಿ, ಸುಡೋಗೆ (ರೂಟ್ ಅಂದರೆ ನಿರ್ವಾಹಕ ಹಕ್ಕಿನಲ್ಲಿ ಓಡಿಸುವ ಆಜ್ಞೆ) ಅದರೊಳಗಿನ ಡ್ರ್ಯಾಗನ್‌ನ ಪೂರ್ಣ ಪಾತ್ ಕೊಡಿ. ಒಳಹೊಕ್ಕ ಮೇಲೆ ಸೀರಿಯಲ್_ಮೈನರ್ಸ್ ಎಂಬ ಐಡಿಆರ್ (ಸಂಖ್ಯೆಗೆ ಪಾಯಿಂಟರ್ ಜೋಡಿಸಿದ ಪಟ್ಟಿ) ಅನ್ನು ಐಡಿಆರ್_ಫಾರ್_ಈಚ್‌ನಿಂದ ಸುತ್ತಿ, ಪ್ರತಿ ನಮೂದನ್ನೂ ಯುಎಸ್‌ಬಿ_ಸೀರಿಯಲ್_ಪೋರ್ಟ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ, ಅದರ ಸೀರಿಯಲ್ ಎಂಬ ಕ್ಷೇತ್ರ ತೋರಿಸುವ ರಚನೆಯನ್ನು ನೋಡಿ. ಅದರಲ್ಲಿ ಡಿಸ್ಕನೆಕ್ಟೆಡ್ 1 (ಸಂಪರ್ಕ ಕಡಿದಿದೆ) ಇದ್ದೂ ಕೆರೆಫ್ (ಇನ್ನೂ ಬಳಸುತ್ತಿರುವವರ) ಎಣಿಕೆ ಸೊನ್ನೆಗೆ ಇಳಿದಿಲ್ಲವೆಂದರೆ ಕಳ್ಳ ಸಿಕ್ಕಿದ: ಯಾವುದೋ ಪ್ರೋಗ್ರಾಂ ಫೈಲ್ ಮುಚ್ಚಿಲ್ಲ. ಕೆರೆಫ್ ಸೊನ್ನೆಯಾದಾಗಲೇ ಮೈನರ್ ಸಂಖ್ಯೆ (ಹೆಸರಿನ ಕೊನೆಯ ಅಂಕಿ) ಬಿಡುಗಡೆ, ಅಲ್ಲಿಯವರೆಗೆ 0 ಖಾಲಿಯಾಗದು. ಪ್ರೋಗ್ರಾಂನಲ್ಲಿ ಹಳೆಯ ಫೈಲ್ ಮುಚ್ಚಿ, /ಡೆವ್/ಸೀರಿಯಲ್/ಬೈ-ಐಡಿ ಕೆಳಗಿನ ಸ್ಥಿರ ಹೆಸರಿನಿಂದ ಮತ್ತೆ ತೆರೆಯುವಂತೆ ಮಾಡಿ.

ಕೊರತೆಗಳೂ ಇವೆ. ಡ್ರ್ಯಾಗನ್ ಯಾವ ಲಾಕನ್ನೂ ಹಿಡಿಯುವುದಿಲ್ಲ, ಓದುತ್ತಿರುವಾಗಲೇ ಪಟ್ಟಿ ಬದಲಾಗಬಹುದು. ವಿಚಿತ್ರ ಮೌಲ್ಯ ಕಂಡರೆ ಇನ್ನೊಮ್ಮೆ ಓದದೆ ನಂಬಬೇಡಿ. ಕರ್ನಲ್‌ನ ಲಾಕ್‌ಡೌನ್ ಎಂಬ ಭದ್ರತಾ ವ್ಯವಸ್ಥೆ ಕಾನ್ಫಿಡೆನ್ಶಿಯಾಲಿಟಿ ಮಟ್ಟದಲ್ಲಿದ್ದರೆ ಕೆಕೋರ್ ತೆರೆಯುವುದೇ ಇಲ್ಲ. ರೂಟ್ ಬೇಕು, ಮೆಮೊರಿಯಲ್ಲಿರುವುದೆಲ್ಲ ಕಾಣುತ್ತದೆ. ಹಾಗಾಗಿ ಬೋಟಿನ ಹುಡುಗರಿಗೆಲ್ಲ ಸುಡೋ ಕೊಟ್ಟು ಬರುವುದು ಬೇಡ.

ದೊಡ್ಡ ರಗಳೆ, ಕರ್ನಲ್‌ನ ರಚನೆಗಳ ವಿವರಕ್ಕಾಗಿ ಡ್ರ್ಯಾಗನ್‌ಗೆ ಬೇಕಾಗುವ ಡಿಬಗ್ ಪ್ಯಾಕೇಜಿನದು. ಡಿಸ್ಕಿನಲ್ಲಿ ಹಲವು ಜಿಬಿ ನುಂಗುತ್ತದೆ, ಯುನೇಮ್ -ಆರ್ ತೋರಿಸುವ ಕರ್ನಲ್ ಆವೃತ್ತಿಗೆ ತಾಳೆಯಾಗಲೇಬೇಕು. ಕರ್ನಲ್ ಅಪ್‌ಡೇಟ್ ಆಯಿತೋ, ಮತ್ತೆ ಇಳಿಸಿಕೊಳ್ಳಬೇಕು. ಸಮುದ್ರದ ನಡುವೆ ಇದು ಆಗದ ಮಾತು. ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟು ದಡದಲ್ಲಿರುವಾಗಲೇ ಪೆನ್‌ಡ್ರೈವ್‌ನಲ್ಲಿ ಒಯ್ದು ಹಾಕಿ, ಕರ್ನಲ್ ಪ್ಯಾಕೇಜನ್ನು ಅಪ್‌ಡೇಟ್ ಆಗದಂತೆ ಹೋಲ್ಡ್‌ನಲ್ಲಿಟ್ಟು ಬನ್ನಿ.