ಸೈಟಿನ ಸಾಮಾನಿಗೆ ಹಳೇ ಶಿಪ್ಪಿಂಗ್ ಕಂಟೇನರ್: ದಾವಣಗೆರೆಯಲ್ಲಿ ನಾಲ್ಕೂವರೆ ವರ್ಷದ ಬಳಕೆ

ನಾನು ದಾವಣಗೆರೆಯಲ್ಲಿ ಮನೆ ಕಟ್ಟಿಸುವ ಸಣ್ಣ ಕಾಂಟ್ರಾಕ್ಟರ್. ವರ್ಷಕ್ಕೆ ಮೂರೋ ನಾಲ್ಕೋ ಕೆಲಸ. 2020ರವರೆಗೂ ನಮ್ಮ ಸೈಟಿನ ಗೋಡೌನ್ ಅಂದರೆ ನಾಲ್ಕು ಸರ್ವೆ ಕಂಬ, ಸುತ್ತ ತಗಡು, ಮುಂದೆ ಒಂದು ಬೀಗ. ಆ ವರ್ಷ ಒಂದೇ ರಾತ್ರಿ ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಮೋಟಾರು, ಎರಡು ಕಟಿಂಗ್ ಮಿಷಿನ್, ಮನೆ ಮಾಲೀಕರು ತಂದಿಟ್ಟಿದ್ದ ಕರೆಂಟಿನ ವೈರಿನ ಬಂಡಲ್ ಎಲ್ಲಾ ಹೋಯಿತು. ಬೀಗ ಹಾಗೇ ಇತ್ತು. ಹಿಂದಿನಿಂದ ತಗಡಿನ ಮೊಳೆ ಕಿತ್ತು ಬಂದಿದ್ದರು. ವೈರು ಮಾಲೀಕರದ್ದು, ದುಡ್ಡು ನಾನೇ ತುಂಬಿಕೊಟ್ಟೆ. ಅವತ್ತಿನಿಂದ ಕಂಟೇನರ್ ಯೋಚನೆ ತಲೆಗೆ ಹೊಕ್ಕಿತು.

2021ರ ಫೆಬ್ರವರಿಯಲ್ಲಿ 20 ಅಡಿಯ ಹಳೇ ಕಂಟೇನರ್ ತಗೊಂಡೆ. ಕೊರೊನಾ ಸಮಯ. ಆಗ ಪ್ರಪಂಚದಲ್ಲೆಲ್ಲ ಖಾಲಿ ಕಂಟೇನರ್‌ಗೆ ಬರ ಬಂದಿತ್ತು. ಡಿಸೆಂಬರಿನಲ್ಲಿ ಕೇಳಿದ ರೇಟು ಫೆಬ್ರವರಿಗೆ ಏರಿತ್ತು. ನನಗೆ ಬಿದ್ದಿದ್ದು 1 ಲಕ್ಷ 45 ಸಾವಿರ. ಬೆಂಗಳೂರಿನಿಂದ ಟ್ರೈಲರ್ ಬಾಡಿಗೆ 24 ಸಾವಿರ, ಇಲ್ಲಿ ಇಳಿಸಿದ ಹೈಡ್ರಾ ಕ್ರೇನಿಗೆ 4 ಸಾವಿರ. ಈಗಿನ ರೇಟು ಬೇರೆ ಇರುತ್ತದೆ, ವಿಚಾರಿಸಿ. ಆದರೆ ಸಾಗಾಟದ ಖರ್ಚನ್ನು ಮರೆಯಬೇಡಿ. ಪೆಟ್ಟಿಗೆ ಅಗ್ಗ ಅಂತ ದೂರದ ಬಂದರಿನಿಂದ ತರಿಸಿದರೆ ಉಳಿದಿದ್ದೆಲ್ಲ ಡೀಸೆಲ್‌ಗೆ ಹೋಗುತ್ತದೆ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಡಿಪೋ ಇದೆ. ಆ ಕಡೆ ಹಳೇ ಪೆಟ್ಟಿಗೆ ಮಾರುವ ಯಾರ್ಡುಗಳಿವೆ. ದಯವಿಟ್ಟು ಫೋಟೋ ನೋಡಿ ದುಡ್ಡು ಹಾಕಬೇಡಿ. ನಾನು ಮೊದಲು ನೋಡಿದ ಯಾರ್ಡಿನಲ್ಲಿ ಹೊಸ ನೀಲಿ ಬಣ್ಣ ಬಳಿದ ಪೆಟ್ಟಿಗೆ ತೋರಿಸಿದರು. ನೋಡೋಕೆ ಮದುವೆ ಮನೆ ಥರ ಇತ್ತು. ಒಳಗೆ ಹೋಗಿ ಎರಡೂ ಬಾಗಿಲು ಹಾಕಿಸಿಕೊಂಡೆ. ಹೊರಗೆ ನಮ್ಮ ಮೇಸ್ತ್ರಿಯನ್ನು ನಿಲ್ಲಿಸಿದ್ದೆ. ಕತ್ತಲಲ್ಲಿ ತಲೆ ಎತ್ತಿದರೆ ಛಾವಣಿಯಲ್ಲಿ ಐದಾರು ಕಡೆ ಸೂಜಿ ಚುಚ್ಚಿದ ಹಾಗೆ ಬೆಳಕು. ಬಣ್ಣ ತುಕ್ಕನ್ನು ಮುಚ್ಚಿತ್ತು, ತೂತನ್ನು ಮುಚ್ಚಿರಲಿಲ್ಲ. ಬೇಡ ಅಂತ ಬಂದುಬಿಟ್ಟೆ.

ಎರಡನೇ ಯಾರ್ಡಿನಲ್ಲಿ ಸಿಕ್ಕಿದ್ದು ಬಣ್ಣ ಮಾಸಿದ, ಅಲ್ಲಲ್ಲಿ ತಗ್ಗಾದ, ಆದರೆ ಒಂದೂ ತೂತಿಲ್ಲದ ಪೆಟ್ಟಿಗೆ. ಬಾಗಿಲಿನ ಮೇಲೆ ಸಣ್ಣ ಲೋಹದ ಫಲಕ ಇರುತ್ತದೆ. ತಯಾರಾದ ವರ್ಷ, ಎಷ್ಟು ಭಾರ ತಡೆಯುತ್ತದೆ, ನೆಲದ ಮರಕ್ಕೆ ಏನು ಔಷಧಿ ಹೊಡೆದಿದ್ದಾರೆ ಎಲ್ಲಾ ಅದರಲ್ಲಿರುತ್ತದೆ. ನನ್ನದು 2006ರದ್ದು. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದೆ. ಎರಡೂ ಅಳತೆ ಒಂದೇ ಬಂತು, ಅಂದರೆ ಚೌಕಟ್ಟು ಓರೆಯಾಗಿಲ್ಲ. ಬಾಗಿಲ ಸುತ್ತಿನ ರಬ್ಬರು ಒಂದು ಕಡೆ ಹರಿದಿತ್ತು, ಅದಕ್ಕೆ 3 ಸಾವಿರ ಬಿಟ್ಟರು.

ಅಳತೆ ವಿಷಯ ಹೇಳಲೇಬೇಕು. 20 ಅಡಿ ಅಂದರೆ ಹೊರಗಿನ ಅಳತೆ. ಒಳಗೆ ಸಿಗುವುದು ಸುಮಾರು 5.9 ಮೀಟರ್ ಉದ್ದ, 2.35 ಮೀಟರ್ ಅಗಲ, 2.39 ಮೀಟರ್ ಎತ್ತರ. ಕಾಂಕ್ರೀಟಿಗೆ ಹಾಕುವ ಕಂಬಿ 12 ಮೀಟರ್ ಬರುತ್ತದೆ, ಮಡಚಿದರೆ 6 ಮೀಟರ್. ಜಿಐ ಪೈಪೂ 6 ಮೀಟರ್. ಹತ್ತು ಸೆಂಟಿಮೀಟರಿಗೆ ಬಾಗಿಲು ಹಾಕಲು ಆಗುವುದಿಲ್ಲ! ಪೈಪನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಇಡುತ್ತೇವೆ. ಕಂಬಿ ಹೊರಗೇ ಇರುತ್ತದೆ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇನ್ನು ನೆಲದ ವಿಷಯ. ಕಂಟೇನರ್ ತಗೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಕೇಳುವುದೇ ಇದನ್ನು: ನಿಮ್ಮ ಸೈಟು ಎಂಥ ಮಣ್ಣಿನ ಮೇಲಿದೆ?

ನಮ್ಮ ಊರಿನ ಸುತ್ತ ಎಷ್ಟೋ ಲೇಔಟುಗಳು ಮೊನ್ನೆ ಮೊನ್ನೆವರೆಗೆ ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳು. ಎರೆ ಮಣ್ಣು ಜಾಸ್ತಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಮನೆಗೆ ಪಾಯ ಹಾಕುವಾಗ ಇದನ್ನೆಲ್ಲ ಲೆಕ್ಕ ಹಾಕುವವನು ನಾನೇ. ಆದರೂ ಕಂಟೇನರ್ ಬಂದ ದಿನ ಅವಸರದಲ್ಲಿ ನಾಲ್ಕು ಮೂಲೆಗೆ ಎರಡೆರಡು ಸೈಜುಗಲ್ಲು ಇಟ್ಟು ಕೂರಿಸಿಬಿಟ್ಟೆ. ಫೆಬ್ರವರಿ, ನೆಲ ಕಲ್ಲಿನ ಹಾಗಿತ್ತು.

ಜುಲೈನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆಯಲಿಕ್ಕೇ ಆಗಲಿಲ್ಲ. ಇಬ್ಬರು ಹುಡುಗರು ಸರಳಿಗೆ ಪೈಪು ಹಾಕಿ ಎಳೆದರೂ ಕದಲಲಿಲ್ಲ. ಒಳಗೆ ವೈಬ್ರೇಟರ್, ಹೊರಗೆ ಸ್ಲ್ಯಾಬ್ ಹಾಕಲು ಬಂದ ಜನ. ನಮ್ಮ ಮೇಸ್ತ್ರಿ ಸುತ್ತ ಒಂದು ರೌಂಡು ಹೋಗಿ ಬಂದು, "ಅಣ್ಣಾ, ಬಾಗಿಲು ಕೆಟ್ಟಿಲ್ಲ, ಮೂಲೆ ಕೂತೈತಿ ನೋಡ್ರಿ" ಅಂದರು. ಲೆವೆಲ್ ಪೈಪು ಹಿಡಿದರೆ ಬಾಗಿಲ ಕಡೆಯ ಒಂದು ಮೂಲೆ ಒಂದೂವರೆ ಇಂಚು ಇಳಿದಿತ್ತು. ಕಂಟೇನರಿನ ಭಾರವೆಲ್ಲ ನಾಲ್ಕು ಮೂಲೆಯ ಕಂಬದ ಮೇಲೆ ನಿಲ್ಲುವ ಹಾಗೆ ಕಟ್ಟಿರುತ್ತಾರೆ. ಬಾಗಿಲುಗಳು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತವೆ. ಒಂದು ಮೂಲೆ ಇಳಿದರೆ ಚೌಕಟ್ಟು ಓರೆಯಾಗಿ ಬಾಗಿಲನ್ನು ಕಚ್ಚಿಕೊಂಡುಬಿಡುತ್ತದೆ. ಲಾರಿ ಜಾಕಿ ತಂದು ಆ ಮೂಲೆ ಎತ್ತಿದ ಕೂಡಲೇ ಬಾಗಿಲು ಸುಮ್ನೆ ಬಿಚ್ಚಿಕೊಂಡಿತು.

ಆ ಮಳೆಗಾಲ ಹಾಗೇ ಮೂರು ಸಲ ಜಾಕಿ ಹಾಕಿದೆವು. ಮಳೆ ನಿಂತ ಮೇಲೆ ಸರಿಯಾಗಿ ಮಾಡಿದೆ. ಪ್ರತಿ ಮೂಲೆಯಲ್ಲಿ ಮೂರಡಿ ಚೌಕ, ಎರಡಡಿ ಆಳ ಎರೆ ಮಣ್ಣು ತೆಗೆಸಿ ಗರಸು ತುಂಬಿ ದಮ್ಮಸ್ ಮಾಡಿಸಿ (ಕುಟ್ಟಿ ಗಟ್ಟಿ ಮಾಡಿಸಿ), ಮೇಲೆ ಒಂದಡಿ ಎತ್ತರ ಕಾಂಕ್ರೀಟಿನ ದಿಂಡು. ನೀರು ನಿಲ್ಲದ ಹಾಗೆ ಸುತ್ತ ಕಾಲುವೆ. 9 ಸಾವಿರ ಖರ್ಚಾಯಿತು. ಅದಾದ ಮೇಲೆ ಅಲ್ಲಿ ಒಮ್ಮೆಯೂ ಬಾಗಿಲು ಹಿಡಿಯಲಿಲ್ಲ. ಚಿತ್ರದುರ್ಗದ ಕಡೆ ಕೆಲಸ ಮಾಡುವ ನನ್ನ ಸ್ನೇಹಿತನ ಹತ್ತಿರವೂ ಇಂಥದ್ದೇ ಪೆಟ್ಟಿಗೆ ಇದೆ. ಅವನ ಸೈಟು ಕಲ್ಲು ಗರಸಿನ ನೆಲ. ಬರೀ ಕಲ್ಲಿನ ಮೇಲೆ ಕೂರಿಸಿದ್ದಾನೆ, ಏನೂ ಆಗಿಲ್ಲ.

ಎತ್ತರಕ್ಕೆ ಕೂರಿಸಿದ್ದರಿಂದ ಕೆಳಗೆ ಗಾಳಿ ಆಡುತ್ತದೆ, ತಳದ ಕಬ್ಬಿಣ ಒಣಗಿರುತ್ತದೆ. ಆದರೆ ಆ ಸಂದಿಗೆ ಹಾವು ಬರುತ್ತದೆ. ಮರದ ತುಂಡು, ಚೀಲ ಏನನ್ನೂ ಕೆಳಗೆ ತುರುಕಬೇಡಿ. ನಾವು ವಾರಕ್ಕೊಮ್ಮೆ ಗುಡಿಸುತ್ತೇವೆ.

ಎರಡನೇ ಪಾಠ ಸಿಮೆಂಟಿನದ್ದು. ನೀರೇ ಹೋಗದ ಪೆಟ್ಟಿಗೆ, ಸಿಮೆಂಟಿಗೆ ಇದಕ್ಕಿಂತ ಒಳ್ಳೇ ಜಾಗ ಯಾವುದು ಅಂತ 80 ಚೀಲ ತುಂಬಿಸಿದ್ದೆ. ನವೆಂಬರ್ ಕೊನೆಗೆ ನೋಡಿದರೆ ಮೇಲಿನ ಸಾಲಿನ ಚೀಲಗಳು ಗಡ್ಡೆ ಕಟ್ಟಿದ್ದವು. ಎಲ್ಲೂ ತೂತಿಲ್ಲ. ಒಂದು ದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದಾಗ ಗೊತ್ತಾಯಿತು. ಛಾವಣಿಯ ತಗಡಿನ ಒಳಮೈಯಿಂದ ಹನಿ ಹನಿ ನೀರು ಬೀಳುತ್ತಿತ್ತು. ಹಗಲು ಒಳಗಿನ ಗಾಳಿ ಬಿಸಿಯಾಗಿ ತೇವ ಹಿಡಿದುಕೊಳ್ಳುತ್ತದೆ, ರಾತ್ರಿ ತಗಡು ತಣ್ಣಗಾದಾಗ ಆ ತೇವ ಅಲ್ಲೇ ನೀರಾಗುತ್ತದೆ. ಹಡಗಿನ ಸರಕಿನವರು ಇದನ್ನು ಕಂಟೇನರ್ ಮಳೆ ಅಂತಲೇ ಕರೆಯುತ್ತಾರೆ. ತಪ್ಪು ನಮ್ಮದೂ ಇತ್ತು. ಸಂಜೆ ತೊಳೆದ ಸೆಂಟ್ರಿಂಗ್ ಶೀಟು (ಕಾಂಕ್ರೀಟ್ ಹಾಕುವಾಗ ಅಚ್ಚಿಗೆ ಬಳಸುವ ತಗಡು), ಒದ್ದೆ ಗೋಣಿಚೀಲ ಎಲ್ಲಾ ಒಳಗೇ ಒಗೆಯುತ್ತಿದ್ದೆವು.

ಕಾರ್ಖಾನೆಯಿಂದ ಬಂದ ಗಾಳಿ ಕಿಂಡಿ ಅಂಗೈ ಅಗಲ ಇರುತ್ತದೆ, ಅದು ಏನಕ್ಕೂ ಸಾಲದು. ವೆಲ್ಡರ್ ಕರೆಸಿ ಎದುರುಬದುರು ಗೋಡೆಗಳಲ್ಲಿ, ಎರಡು ಕೆಳಗೆ ಎರಡು ಮೇಲೆ, ಒಂದೊಂದಡಿಯ ಕಿಂಡಿ ಕೊರೆಸಿದೆ. ಮಳೆ ಬೀಳದ ಹಾಗೆ ಹೊರಗೆ ರೆಕ್ಕೆ, ಒಳಗೆ ಕಂಬಿ ಮತ್ತು ಜಾಲರಿ. ಈಗ ಸಿಮೆಂಟು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಇಲ್ಲ, ಮೇಲೆ ತಾಡಪಾಲು. ಒದ್ದೆ ಸಾಮಾನು ಒಳಗೆ ಬರುವ ಹಾಗೇ ಇಲ್ಲ. ಆಮೇಲೆ ಒಂದು ಚೀಲವೂ ಗಡ್ಡೆಯಾಗಿಲ್ಲ. ಹಾಗಂತ ತಿಂಗಳುಗಟ್ಟಲೆ ಇಡಬೇಡಿ. ಮೂರು ತಿಂಗಳು ದಾಟಿದ ಸಿಮೆಂಟು ಎಲ್ಲಿಟ್ಟರೂ ಬಲ ಕಳೆದುಕೊಂಡಿರುತ್ತದೆ, ಪರೀಕ್ಷೆ ಮಾಡಿಸದೆ ಬಳಸಬಾರದು.

ಬೇಸಿಗೆಯ ಬಿಸಿ ಬೇರೆ ಕಥೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಹತ್ತು ನಿಮಿಷ ನಿಂತರೆ ಅಂಗಿ ತೊಯ್ಯುತ್ತದೆ. ಮೊದಲ ವರ್ಷ ಪಿವಿಸಿ ಪೈಪಿನ ಅಂಟಿನ ಡಬ್ಬಿಗಳು ಗಟ್ಟಿಯಾಗಿ ಹಾಳಾದವು. ಛಾವಣಿಗೆ ಬಿಳಿ ಬಣ್ಣ ಹೊಡೆಸಿದೆ, ಸ್ವಲ್ಪ ಕಡಿಮೆಯಾಯಿತು. ನಿಜವಾಗಿ ಕೆಲಸಕ್ಕೆ ಬಂದಿದ್ದು ಮೇಲೆ ಒಂದಡಿ ಬಿಟ್ಟು ಹಾಕಿದ ಎರಡನೇ ತಗಡು. ಹಳೇ ಶೆಡ್ಡಿನ ತಗಡುಗಳೇ. ಬಿಸಿಲು ಅದಕ್ಕೆ ಬೀಳುತ್ತದೆ, ನಡುವೆ ಗಾಳಿ ಓಡುತ್ತದೆ. ಅಂಟು, ಥಿನ್ನರ್, ಪೆಟ್ರೋಲ್ ಮಾತ್ರ ಈಗಲೂ ಒಳಗೆ ಇಡುವುದಿಲ್ಲ. ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಅದರ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು.

ಕಳ್ಳತನದ ವಿಷಯದಲ್ಲಿ ಪೂರ್ತಿ ನೆಮ್ಮದಿ. ಬಾಗಿಲಿನ ಸರಳಿಗೆ ಸುಮ್ನೆ ಬೀಗ ನೇತುಹಾಕಿದರೆ ಕಟರ್ ಹಾಕಿ ತುಂಡು ಮಾಡಬಹುದು. ಬೀಗದ ಸುತ್ತ ದಪ್ಪ ತಗಡಿನ ಡಬ್ಬಿ ವೆಲ್ಡ್ ಮಾಡಿಸಿ, ಕೈ ಮಾತ್ರ ಕೆಳಗಿನಿಂದ ತೂರುವ ಹಾಗೆ ಇಡಿ. 800 ರೂಪಾಯಿ ಕೆಲಸ. ನಾಲ್ಕೂವರೆ ವರ್ಷದಲ್ಲಿ ಒಂದು ಮೊಳೆಯೂ ಹೋಗಿಲ್ಲ. ಇಲಿಗಳ ಕಾಟವೂ ನಿಂತಿತು.

ಕರೆಂಟು ಎಳೆದುಕೊಂಡರೆ ಅರ್ತಿಂಗ್ ಮಾಡಿಸಲೇಬೇಕು. ಒಳಗೆ ಒಂದು ಬಲ್ಬಿಗೆ ಎಳೆದ ವೈರಿನ ಮೇಲ್ಪದರ ತಗಡಿನ ಅಂಚಿಗೆ ಉಜ್ಜಿ ಹರಿದು, ಮಳೆಯಲ್ಲಿ ಬಾಗಿಲು ಮುಟ್ಟಿದ ಹುಡುಗನಿಗೆ ಜುಮ್ಮೆಂದಿತು. ದೇವರ ದಯೆ, ಅಷ್ಟರಲ್ಲೇ ಮುಗಿಯಿತು. ಮರುದಿನವೇ ಅರ್ತ್ ರಾಡ್ ಹೊಡೆಸಿ, ಸೋರಿಕೆಯಾದರೆ ತಾನೇ ಬೀಳುವ ಬ್ರೇಕರ್ ಹಾಕಿಸಿದೆ.

ಇನ್ನೊಂದು ಮಾತನ್ನು ಕೈ ಮುಗಿದು ಹೇಳುತ್ತೇನೆ. ಈ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ. ನಮ್ಮ ಸೈಟುಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೂಲಿಯವರ ಮಕ್ಕಳು ಆಡಿಕೊಂಡಿರುತ್ತವೆ. ಒಂದು ಸಂಜೆ ಬೀಗ ಹಾಕುವ ಮುಂಚೆ ಸಿಮೆಂಟಿನ ಹಿಂದೆ ಏನೋ ಸದ್ದು. ನೋಡಿದರೆ ಐದು ವರ್ಷದ ಹುಡುಗಿ, ಕಣ್ಣಾಮುಚ್ಚಾಲೆ ಆಡುತ್ತಾ ಬಚ್ಚಿಟ್ಟುಕೊಂಡಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಟಾರ್ಚು ಹಿಡಿದು ಕೊನೇ ಮೂಲೆವರೆಗೆ ಹೋಗಿ ಬಂದೇ ಬೀಗ. ಹಗಲು ತೆರೆದ ಬಾಗಿಲನ್ನು ಚೈನಿನಿಂದ ಗೋಡೆಗೆ ಕಟ್ಟಿರುತ್ತೇವೆ, ಗಾಳಿಗೆ ಹಾಕಿಕೊಳ್ಳಬಾರದು. ಮಳೆ ಅಂತ ಯಾರಾದರೂ ಒಳಗೆ ಮಲಗುತ್ತೇವೆ ಅಂದರೂ ಬಿಡುವುದಿಲ್ಲ, ಅವರಿಗೆ ಬೇರೆ ಶೆಡ್ ಹಾಕಿಕೊಡುತ್ತೇನೆ.

ನಮ್ಮ ಮಾವ ಒಂದು ಸುಗ್ಗಿಯಲ್ಲಿ ಮೆಕ್ಕೆಜೋಳದ ಚೀಲ ಇಡ್ತೀನಿ ಅಂದರು. ಬೇಡ ಅಂದೆ, ಅವರಿಗೆ ಬೇಜಾರಾಯಿತು. ಆದರೆ ನೆಲದ ಪ್ಲೈವುಡ್‌ಗೆ ಹುಳು ಹಿಡಿಯದ ಔಷಧಿ ಸೇರಿಸಿರುತ್ತಾರೆ. ಮುಂಚೆ ಅದರಲ್ಲಿ ಯಾವ ಸರಕು ಹೋಗಿತ್ತೋ ಗೊತ್ತಿಲ್ಲ. ಸರಿಯಾಗಿ ಒಣಗದ ಜೋಳ ಆ ಹಬೆಯಲ್ಲಿ ಬೂಸ್ಟು ಹಿಡಿಯುವುದು ಗ್ಯಾರಂಟಿ. ತಿನ್ನುವ ಪದಾರ್ಥಕ್ಕೆ ಇದು ಜಾಗ ಅಲ್ಲ.

ತುಕ್ಕು? ಈ ಉಕ್ಕು ಸಾಮಾನ್ಯ ಕಬ್ಬಿಣಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ನೀರು ನಿಂತ ಕಡೆ ಅದೂ ತಿನ್ನುತ್ತದೆ. ಛಾವಣಿಯ ತಗ್ಗುಗಳು ಮತ್ತು ಬಾಗಿಲಿನ ಕೆಳಗಿನ ಅಂಚು ಇದರ ಮರ್ಮಸ್ಥಾನ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ತಂತಿ ಬ್ರಷ್ ಹಾಕಿ ಉಜ್ಜಿ, ಪ್ರೈಮರ್ ಬಳಿದು ಬಣ್ಣ ಹೊಡೆಯುತ್ತೇವೆ, ಬಾಗಿಲ ಸರಳುಗಳಿಗೆ ಗ್ರೀಸ್. ಒಂದು ದಿನದ ಕೆಲಸ.

2023ರಲ್ಲಿ ಹರಿಹರ ರಸ್ತೆಯ ಸೈಟಿಗೆ ಸಾಗಿಸಿದೆ. ಖಾಲಿ ಪೆಟ್ಟಿಗೆಯೇ ಎರಡು ಟನ್ನಿಗಿಂತ ಜಾಸ್ತಿ ಇದೆ, ಅದಕ್ಕೇ ಒಳಗಿನದ್ದೆಲ್ಲ ಪೂರ್ತಿ ಇಳಿಸಿದೆವು. ಹೈಡ್ರಾದವನು ಹೊಟ್ಟೆಗೆ ಬೆಲ್ಟು ಹಾಕಿ ಎತ್ತುತ್ತೇನೆ ಅಂದ. ಒಪ್ಪಲಿಲ್ಲ. ನಾಲ್ಕು ಮೂಲೆಯಲ್ಲಿ ಎತ್ತುವುದಕ್ಕೆಂದೇ ತೂತುಗಳಿವೆ, ಉದ್ದದ ಚೈನಿಗೆ ಸರಿಯಾದ ಕೊಂಡಿ ಹಾಕಿಸಿದೆ. ಟ್ರೈಲರ್ ಮೇಲೆ ಕೂತಾಗ ಎತ್ತರ ನಾಲ್ಕು ಮೀಟರ್ ಹತ್ತಿರ ಬರುತ್ತದೆ. ಲೇಔಟಿನ ಅಡ್ಡರಸ್ತೆಯಲ್ಲಿ ಕರೆಂಟಿನ ವೈರು ಜೋತು ಬಿದ್ದಿತ್ತು. ಹಿಂದಿನ ದಿನವೇ ಬೈಕಿನಲ್ಲಿ ಹೋಗಿ ದಾರಿ ನೋಡಿದ್ದರಿಂದ ಬೇರೆ ರಸ್ತೆ ಹಿಡಿದೆವು.

30-40 ಅಡಿಯ ಸೈಟಿನಲ್ಲಿ ಕೆಲಸ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. 1200 ಚದರ ಅಡಿಯಲ್ಲಿ 160 ಚದರ ಅಡಿ ಇದೇ ನುಂಗುತ್ತದೆ. ಪಕ್ಕದ ಖಾಲಿ ಸೈಟಿನವರು ಬಾಯಿಮಾತಲ್ಲದೆ ಬರೆದುಕೊಟ್ಟು ಒಪ್ಪಿದರೆ ಮಾತ್ರ ತನ್ನಿ. ಒಂದೇ ಕಡೆ ಎರಡು ವರ್ಷ ಕೆಲಸ ಇರುವವರು, ತೋಟದಲ್ಲಿ ಡ್ರಿಪ್ ಪೈಪು, ಮೋಟಾರು ಇಡುವವರು ಧೈರ್ಯವಾಗಿ ತಗೊಳ್ಳಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಆ ಬಿಸಿ ಮತ್ತು ಹಬೆಗೆ.

ಮುಂದಿನ ತಿಂಗಳು ಇದು ಮೂರನೇ ಸೈಟಿಗೆ ಹೋಗುತ್ತಿದೆ. ಅಲ್ಲಿಯೂ ಎರೆ ಮಣ್ಣೇ. ನಿನ್ನೆ ಎರಡು ಟ್ರ್ಯಾಕ್ಟರ್ ಗರಸು ಹೊಡೆಸಿದ್ದೇನೆ, ನಾಳೆ ಗುಂಡಿ ತೋಡುವುದು.