ಹೊಸ ಕ್ಯಾರವಾನ್ ಎಂದು ಹಳೆಯ ಚಾಸಿ ಕೊಟ್ಟರು: ಮುಂಗಡ ಕೊಡುವ ಮೊದಲು ದಯವಿಟ್ಟು ಓದಿ

ಎರಡು ಲಕ್ಷದ ಇಪ್ಪತ್ತೈದು ಸಾವಿರ ರೂಪಾಯಿ ರಿಯಾಯಿತಿ. ಈ ಒಂದು ಅಂಕಿಗೆ ಮರುಳಾಗಿ ನಿವೃತ್ತಿಯ ಹಣವನ್ನೆಲ್ಲ ಸುರಿದೆ. ಹೊಸದೆಂದು ಮನೆಗೆ ತಂದ ಕ್ಯಾರವಾನಿನ ಚಾಸಿ, ಅಂದರೆ ಎಂಜಿನ್, ಚಕ್ರ ಸೇರಿದ ಅಡಿಗಟ್ಟು, ಇಪ್ಪತ್ತೆಂಟು ತಿಂಗಳು ಹಳೆಯದು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಮೂವತ್ತೊಂದು ವರ್ಷ ಕುಂಬಳೆ ಉಪಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಲಾಭ ನಷ್ಟದ ಲೆಕ್ಕ ಕಲಿಸಿದವನು ನಾನು. ನನ್ನ ಶಿಷ್ಯರು ಇದನ್ನು ಓದುತ್ತಾರೆ ಎಂದು ಗೊತ್ತು. ಓದಲಿ. ಒಬ್ಬರ ಹಣವಾದರೂ ಉಳಿಯಲಿ.

ಅಮ್ಮನಿಗೆ ಎಪ್ಪತ್ತೆಂಟು ವರ್ಷ, ಮಂಡಿನೋವು. ಕೊಲ್ಲೂರು, ಗೋಕರ್ಣ, ಹೊರನಾಡು ಎಂದು ಆಸೆ ಪಡುತ್ತಾರೆ, ಆದರೆ ದಾರಿಯಲ್ಲಿ ಶೌಚಾಲಯದ ಭಯಕ್ಕೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಒಳಗೇ ಹಾಸಿಗೆ, ಶೌಚಾಲಯ, ಚಿಕ್ಕ ಅಡುಗೆ ಕಟ್ಟೆ ಇರುವ ಗಾಡಿ ಒಂದಿದ್ದರೆ ಅವರನ್ನು ಕೂರಿಸಿಕೊಂಡು ಹೋಗಬಹುದಲ್ಲ ಎಂಬುದಷ್ಟೇ ನನ್ನ ಯೋಚನೆ. ಶೋಕಿಗೆ ಕೊಂಡದ್ದಲ್ಲ.

2024ರ ಡಿಸೆಂಬರಿನಲ್ಲಿ ಮಂಗಳೂರಿನ ಒಂದು ವಾಹನ ಪ್ರದರ್ಶನದಲ್ಲಿ ಅವರ ಮಳಿಗೆ ಕಂಡಿತು. ವ್ಯಾನಿನ ಚಾಸಿ ತಂದು ಅದರ ಮೇಲೆ ಕ್ಯಾರವಾನ್ ಕಟ್ಟಿಕೊಡುವವರು, ವರ್ಕ್‌ಶಾಪು ಘಟ್ಟದ ಆಚೆ. ಮಳಿಗೆಯಲ್ಲಿದ್ದವನು ಸ್ವಚ್ಛ ಕನ್ನಡದಲ್ಲಿ ಮಾತನಾಡಿದ. ಕಾಸರಗೋಡಿನವರಿಗೆ ಅದು ಎಷ್ಟು ದೊಡ್ಡ ಮಾತು ಎಂದು ಇಲ್ಲಿಯವರಿಗೆ ಗೊತ್ತು. ಅರ್ಜಿ, ರಸೀದಿ, ನೋಟಿಸು ಯಾವುದು ಕನ್ನಡದಲ್ಲಿ ಬಂದರೂ ಅರ್ಧ ನಂಬಿಕೆ ಅಲ್ಲೇ ಹುಟ್ಟಿಬಿಡುತ್ತದೆ. "ಮಾಸ್ಟ್ರೇ, ನಿಮ್ಮಂಥವರಿಗೆ ಮೋಸ ಮಾಡಿದರೆ ನಮಗೆ ಒಳ್ಳೆಯದಾಗುತ್ತದೆಯೇ?" ಎಂದ. ನಾನು ಮೋಸದ ವಿಷಯವನ್ನೇ ಎತ್ತಿರಲಿಲ್ಲ. ಆ ಮಾತು ತಾನಾಗಿಯೇ ಅವನ ಬಾಯಿಂದ ಬಂತು. ಆಗಲೇ ನನಗೆ ಹೊಳೆಯಬೇಕಿತ್ತು.

ಬೆಲೆ 22,60,000. ಪ್ರದರ್ಶನದ ರಿಯಾಯಿತಿ 2,25,000. ಕೊಡಬೇಕಾದದ್ದು 20,35,000, ಆದರೆ ಅಂದು ಸಂಜೆಯೊಳಗೆ ಮುಂಗಡ ಕೊಟ್ಟರೆ ಮಾತ್ರ. ಅದರ ಮೇಲೆ ಇನ್ನೊಂದು ಆಸೆಯನ್ನೂ ತೋರಿಸಿದ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದೆ, ಏಳೂವರೆ ಲಕ್ಷ ಸಹಾಯಧನ ಸಿಗುತ್ತದೆ, ಬೇಕಲಕ್ಕೆ ಬರುವ ಪ್ರವಾಸಿಗರಿಗೆ ಬಾಡಿಗೆ ಕೊಟ್ಟರೆ ಗಾಡಿ ತನ್ನ ಸಾಲವನ್ನು ತಾನೇ ತೀರಿಸುತ್ತದೆ ಎಂದ. ಮನೆಗೆ ಬಂದ ಮೇಲೆ ವಿಚಾರಿಸಿದೆ. ಆ ಸಹಾಯಧನ ಪ್ರವಾಸೋದ್ಯಮಕ್ಕಾಗಿ ಕ್ಯಾರವಾನ್ ಓಡಿಸುವವರಿಗೆ. ಮೊದಲ 100 ಗಾಡಿಗಳಿಗೆ ಏಳೂವರೆ ಲಕ್ಷ ಅಥವಾ ಹೂಡಿಕೆಯ ಶೇಕಡಾ 15, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇಪ್ಪತ್ತು ಲಕ್ಷದ ಶೇಕಡಾ 15 ಎಂದರೆ ಮೂರು ಲಕ್ಷ. ಏಳೂವರೆ ಎಲ್ಲಿಂದ ಬಂತು? ಸ್ವಂತ ಬಳಕೆಗೆಂದು ನೋಂದಾಯಿಸಿದ ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಓಡಿಸುವಂತೆಯೂ ಇಲ್ಲ. ಇದು ತಿಳಿಯುವ ಹೊತ್ತಿಗೆ ಮುಂಗಡ ಐದು ಲಕ್ಷ ಅವರ ಖಾತೆಯಲ್ಲಿತ್ತು.

ಒಂದು ಬಲೆ ಮಾತ್ರ ನನಗೆ ಕಂಡಿತ್ತು. "ಮೊದಲು ಸಾದಾ ವ್ಯಾನ್ ಎಂದು ನೋಂದಣಿ ಮಾಡಿಸೋಣ, ಒಳಗಿನ ಕೆಲಸ ಆಮೇಲೆ ಮಾಡಿಕೊಡುತ್ತೇವೆ, ತೆರಿಗೆ ಉಳಿಯುತ್ತದೆ" ಎಂದಾಗ ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬದಿಯಡ್ಕದ ನನ್ನ ಭಾವ ಇದನ್ನು ಮೊದಲೇ ತಿಳಿಸಿದ್ದರು. ನಾನು ಇದನ್ನು ಹೇಳಿದ ಕೂಡಲೇ ಆತ ಕೈಮುಗಿದು "ಮಾಸ್ಟ್ರಿಗೆ ಎಲ್ಲ ಗೊತ್ತಿದೆ" ಎಂದ. ಎಲ್ಲ ಗೊತ್ತಿದೆ! ಆ ಒಂದು ಹೊಗಳಿಕೆಗೆ ನನ್ನ ಎಚ್ಚರವೆಲ್ಲ ಇಳಿದುಹೋಯಿತು. ಅದೇ ಭಾವ ಫೋನಿನಲ್ಲಿ "ಚಾಸಿ ನಂಬರ್ ಕೇಳಿದ್ದೀರಾ ಭಾವ?" ಎಂದು ಎರಡು ಸಲ ಕೇಳಿದರು. ಕೇಳುತ್ತೇನೆ ಎಂದೆ. ಕೇಳಲಿಲ್ಲ.

2025ರ ಮಾರ್ಚ್ 20ರಂದು ಗಾಡಿ ಕೊಟ್ಟರು. ಬಾನೆಟ್ಟಿಗೆ ಹೂವಿನ ಹಾರ, ಕೈಗೆ ದೊಡ್ಡ ಬೀಗದ ಕೈ, ಫೋಟೋ. ಅಮ್ಮ ಗಾಡಿಯ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ದಪ್ಪನೆಯ ಕಡತವೊಂದನ್ನು ಕೊಟ್ಟು "ಕಾಗದ ಎಲ್ಲ ಇದರಲ್ಲಿದೆ, ನೋಂದಣಿಗೆ ನಮ್ಮವನೇ ಬರುತ್ತಾನೆ" ಎಂದರು. ನೋಂದಣಿ ಅರ್ಜಿಯಾದ ನಮೂನೆ 20ಕ್ಕೆ ಖಾಲಿಯಾಗಿಯೇ ನನ್ನ ಸಹಿ ಪಡೆದಿದ್ದರು. ಮಕ್ಕಳಿಗೆ ಓದದೆ ಸಹಿ ಹಾಕಬೇಡಿ ಎನ್ನುತ್ತಿದ್ದ ನಾನೇ ಹಾಕಿದ್ದೆ.

ವಾರ ಕಳೆದಿರಲಿಲ್ಲ. ತಲಪಾಡಿ ಚೆಂಗಳ ನಡುವಿನ ಷಟ್ಪಥ ಕಾಮಗಾರಿಯ ಬದಿದಾರಿಯಲ್ಲಿ ಹೋಗುವಾಗ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಉಪ್ಪಳದ ಒಂದು ಪಂಕ್ಚರ್ ಅಂಗಡಿಗೆ ತೆಗೆದುಕೊಂಡು ಹೋದೆ. ಹುಡುಗ ಟಯರಿನ ಬದಿ ಒರೆಸಿ, ಬಗ್ಗಿ ನೋಡಿ, ನನ್ನ ಮುಖ ನೋಡಿ ಕೇಳಿದ: "ಸರ್, ಗಾಡಿ ಸೆಕೆಂಡ್‌ಹ್ಯಾಂಡಾ?" ಹೊಸದಪ್ಪಾ, ಹೋದ ವಾರ ಬಂದದ್ದು ಎಂದೆ. ಅವನು ಮಾತನಾಡಲಿಲ್ಲ. ಟಯರಿನ ಮೇಲೆ ಬೆರಳಿಟ್ಟು ತೋರಿಸಿದ. ಉಬ್ಬಿದ ನಾಲ್ಕು ಅಂಕೆಗಳು: 4122. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2022ರ ನಲವತ್ತೊಂದನೆಯ ವಾರ. ಉಳಿದ ಚಕ್ರಗಳನ್ನೂ ನೋಡಿದೆವು. 4122, 4122, 4022. ಸ್ಟೆಪ್ನಿಯೂ ಅದೇ.

ಟಯರು ಮಾತ್ರ ಹಳೆಯದಿರಬಹುದು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತ ಮನೆಗೆ ಬಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಕಡತ ಬಿಚ್ಚಿದೆ. ವಿಮೆ, ಬಿಲ್ಲು, ತಾತ್ಕಾಲಿಕ ನೋಂದಣಿ, ಅದರ ಕೆಳಗೆ ನಮೂನೆ 21, ಅಂದರೆ ಮಾರಾಟ ಪ್ರಮಾಣಪತ್ರ. ಅದರಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಎಂಬ ಕಲಮು ಇದೆ. ನವೆಂಬರ್ 2022. ಕನ್ನಡಕ ಒರೆಸಿ ಮತ್ತೆ ಓದಿದೆ. ನವೆಂಬರ್ 2022. ಗಾಡಿ ಬಂದ ದಿನದಿಂದ ಅದು ನನ್ನ ಮೇಜಿನ ಮೇಲೆಯೇ ಇತ್ತು. ಯಾರೂ ಮುಚ್ಚಿಟ್ಟಿರಲಿಲ್ಲ. ನಾನು ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೆ ಇಂದಿಗೂ ಉರಿಯುವುದು ಅದೇ.

ಯಾಕೆ ಹಾಗೆ ಎಂದು ಈಗ ಅರ್ಥವಾಗುತ್ತದೆ. 2023ರ ಏಪ್ರಿಲ್ 1ರಿಂದ ತಯಾರಾಗುವ ವಾಹನಗಳಿಗೆ ಬಿಎಸ್-6 ಎಂಬ ಹೊಗೆ ನಿಯಮದ ಎರಡನೆಯ ಹಂತ ಬಂತು. ಅದಕ್ಕಿಂತ ಹಿಂದಿನ ಚಾಸಿಯನ್ನು ಇವರು 2023ರ ಜನವರಿಯಲ್ಲಿ ತಮ್ಮ ಹೆಸರಿನಲ್ಲಿ ಕೊಂಡು ಇಟ್ಟುಕೊಂಡಿದ್ದರು. ಚಾಸಿ ಕಂಪನಿಯ ಮೂರು ವರ್ಷದ ವಾರಂಟಿ ಆ ದಿನದಿಂದಲೇ ಓಡಲು ಆರಂಭಿಸಿತ್ತು. ನನ್ನ ಕೈಗೆ ಬರುವಾಗ ಉಳಿದದ್ದು ಹತ್ತು ತಿಂಗಳು. ಇನ್ನೊಂದು ವರ್ಕ್‌ಶಾಪಿನವರು ಹೊಸದಾಗಿ ತಯಾರಾದ ಚಾಸಿಯ ಮೇಲೆ, ಯಾವ ರಿಯಾಯಿತಿಯ ಮಾತೂ ಇಲ್ಲದೆ, 20,90,000 ಎಂದಿದ್ದರು. ಲೆಕ್ಕ ಹಾಕಿ. ನನಗೆ ಸಿಕ್ಕ ರಿಯಾಯಿತಿ ನಿಜದಲ್ಲಿ ಐವತ್ತೈದು ಸಾವಿರ. ಅದಕ್ಕೆ ಪ್ರತಿಯಾಗಿ ಇಪ್ಪತ್ತೆಂಟು ತಿಂಗಳು.

ಬೆಳಗ್ಗೆ ಫೋನ್ ಮಾಡಿದೆ. ಉತ್ತರ ಕೇಳಿ: "ಮಾಸ್ಟ್ರೇ, ಚಾಸಿ ಹಳೆಯದಾದರೇನು, ಮನೆ ಹೊಸದಲ್ಲವೇ?" ನಾನು ಕೊಂಡದ್ದು ಗಾಡಿ ಎಂದೆ. "ಮೀಟರ್ ನೋಡಿ, ನಾವು ಕೊಡುವಾಗ 112 ಕಿಲೋಮೀಟರ್ ಮಾತ್ರ. ಓಡದ ಗಾಡಿ ಹೊಸದೇ." ಮುಂಗಡ ಕೊಡುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಕೇಳಲಿಲ್ಲವಲ್ಲ ಮಾಸ್ಟ್ರೇ." ಆ ಸ್ವರ ಈಗಲೂ ಕಿವಿಯಲ್ಲಿದೆ. ನೀವು ಕೇಳಲಿಲ್ಲವಲ್ಲ!

ಅಲ್ಲಿಂದ ಒಂದೊಂದಾಗಿ ಹೊರಬಿತ್ತು. ಮಳಿಗೆಯಲ್ಲಿ ತೋರಿಸಿದ ಗಾಡಿಯಲ್ಲಿ ಲಿಥಿಯಂ ಬ್ಯಾಟರಿ ಇತ್ತು. ಕೊಟೇಶನ್ನಿನಲ್ಲಿ ಬಗೆ ಹೇಳದೆ ಸಾಮರ್ಥ್ಯ ಮಾತ್ರ ಬರೆದದ್ದು, "150 ಎಎಚ್ ಬ್ಯಾಟರಿ" ಎಂದಷ್ಟೇ. ಬಂದದ್ದು ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್. "150 ಎಂದಿದ್ದೆವು, 150 ಕೊಟ್ಟಿದ್ದೇವೆ" ಎಂದರು. ಅಂಕೆ ಒಂದೇ ಇರಬಹುದು. ಟ್ಯೂಬ್ಯುಲರ್ ಬಾಳಬೇಕಾದರೆ ಅದರ ಅರ್ಧದಷ್ಟು ಮಾತ್ರ ಬಳಸಬೇಕು, ಲಿಥಿಯಂ ಆದರೆ ಮುಕ್ಕಾಲಿಗಿಂತ ಹೆಚ್ಚು ಬಳಸಬಹುದು. ಟ್ಯೂಬ್ಯುಲರ್ ಐವತ್ತು ಕಿಲೋ ದಾಟುತ್ತದೆ, ಲಿಥಿಯಂ ಇಪ್ಪತ್ತರ ಆಸುಪಾಸು.

ತೂಕದ ಮಾತು ಬಂದದ್ದರಿಂದ ಹೇಳುತ್ತೇನೆ. ಸಂಶಯ ಬಂದು, ಕೆಂಪುಕಲ್ಲಿನ ಲಾರಿಗಳನ್ನು ತೂಗುವ ವೇಬ್ರಿಜ್‌ಗೆ ಗಾಡಿಯನ್ನು ಹತ್ತಿಸಿದೆ. ನೀರಿಲ್ಲ, ಒಳಗೆ ಜನರಿಲ್ಲ, 3,060 ಕಿಲೋ. ಕಾಗದದಲ್ಲಿರುವ ಗರಿಷ್ಠ ತೂಕ 3,300. ಉಳಿದದ್ದು 240. ನೂರು ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ ಅದೇ ನೂರು ಕಿಲೋ. ಇನ್ನು 140ರಲ್ಲಿ ಅಮ್ಮ, ನಾನು, ನನ್ನ ಹೆಂಡತಿ, ಮಗ, ಸೊಸೆ, ಗ್ಯಾಸ್ ಸಿಲಿಂಡರ್, ಪಾತ್ರೆ, ಬಟ್ಟೆ ಎಲ್ಲ ಹಿಡಿಸಬೇಕು. "ಐದು ಮಂದಿ ಆರಾಮವಾಗಿ" ಎಂದು ಮಾರಿದ ಗಾಡಿ ಇದು. ಇಬ್ಬರು ಕುಳಿತರೆ ಮುಗಿಯಿತು. ಐವರೂ ಕುಳಿತು ಘಟ್ಟ ಇಳಿಯುವಾಗ ಬ್ರೇಕಿಗೆ ಏನಾದರೂ ಆದರೆ ಯಾರು ಹೊಣೆ? ಕೇಳಿದೆ. "ಎಲ್ಲರೂ ಹಾಗೆಯೇ ಓಡಿಸುತ್ತಾರೆ" ಎಂದರು.

ಮಳೆ ಉಳಿದದ್ದನ್ನೆಲ್ಲ ಹೊರಗೆ ಹಾಕಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ಎರಡನೆಯ ದಿನ ಚಾವಣಿಯ ಗಾಳಿಕಿಂಡಿಯ ಸುತ್ತ ಕಂದು ಬಣ್ಣದ ಕಲೆ, ಜೂನ್ ಮೊದಲ ವಾರದಲ್ಲಿ ಅಮ್ಮನ ಹಾಸಿಗೆಯ ಮೇಲೆ ನೀರು. ಒಳಗೋಡೆಯನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ನೀರು ನಿಲ್ಲದ ಪ್ಲೈವುಡ್ ಎಂದು ಹೇಳಿದ್ದರು, ಬಳಸಿದ್ದು ಸಾಧಾರಣದ್ದು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಎಲ್ಲಿ ಓಡುವ ಗಾಡಿ ಎಂದು ಮೊದಲ ದಿನವೇ ಹೇಳಿದ್ದೆ. ಬಂದ ಉತ್ತರ: "ನಿಮ್ಮ ಊರಿನ ಮಳೆ ವಾರಂಟಿಯಲ್ಲಿ ಸೇರುವುದಿಲ್ಲ." ಗಾಡಿಯನ್ನು ನಮ್ಮ ಖರ್ಚಿನಲ್ಲಿ ಘಟ್ಟ ಹತ್ತಿಸಿ ತಂದರೆ "ನೋಡೋಣ" ಎಂದರು.

ಇನ್ನೊಂದನ್ನು ಹೇಳದೆ ಇರಲಾರೆ. ಹಣ ಕೊಡುವವರೆಗೆ ಎಲ್ಲ ಮಾತು ಕನ್ನಡದಲ್ಲಿತ್ತು. ದೂರು ಹೇಳಲು ಆರಂಭಿಸಿದ ಮೇಲೆ ಮಾಸ್ಟ್ರೇ ಎಂಬುದೂ ಹೋಯಿತು, ಕನ್ನಡವೂ ಹೋಯಿತು. ಇಂಗ್ಲಿಷಿನಲ್ಲಿ ಮಿಂಚಂಚೆ ಬಂತು: ಆರ್ಡರ್ ಫಾರಂನ ಹಿಂಬದಿಯ 14ನೇ ಷರತ್ತಿನಂತೆ ಚಾಸಿಯ ತಯಾರಿ ವರ್ಷ ಮತ್ತು ಸಾಮಗ್ರಿ ಲಭ್ಯತೆಗೆ ಅನುಸಾರ, ಯಾವುದೇ ವ್ಯಾಜ್ಯವಿದ್ದರೂ ಅವರ ನಗರದಲ್ಲಿ ಮಾತ್ರ. ಹಿಂಬದಿ ನೋಡಿದೆ. ಇತ್ತು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ.

ಅವರ ನಗರಕ್ಕೇ ಹೋಗಬೇಕೆಂದು ಹೆದರಿ ನಾನು ಎರಡು ತಿಂಗಳು ಕಳೆದುಕೊಂಡೆ. ನೀವು ಕಳೆದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಗಡುವು ಎರಡು ವರ್ಷ. ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನನ್ನ ದೂರು ಕಾಸರಗೋಡಿನಲ್ಲೇ ದಾಖಲಾಗಿದೆ. ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ, ವಕೀಲರು ಬೇಡ ಎಂದಿದ್ದಾರೆ.

ಕೊಳ್ಳುವವರಿಗೆ ಇಷ್ಟೇ ಹೇಳುತ್ತೇನೆ. ಒಂದು ರೂಪಾಯಿ ಕೊಡುವ ಮೊದಲು ಚಾಸಿ ನಂಬರನ್ನೂ ಅದು ತಯಾರಾದ ತಿಂಗಳನ್ನೂ ಆರ್ಡರ್ ಫಾರಂನ ಮುಂಬದಿಯಲ್ಲೇ ಬರೆಸಿಕೊಳ್ಳಿ. ಬರೆಯುವುದಿಲ್ಲ ಎಂದರೆ ಎದ್ದು ಬನ್ನಿ, ಕನ್ನಡದಲ್ಲಿ ಎಷ್ಟೇ ಚೆನ್ನಾಗಿ ಮಾತನಾಡಲಿ ಎದ್ದು ಬನ್ನಿ. ಬ್ಯಾಟರಿ ಯಾವ ಬಗೆ, ಪ್ಲೈವುಡ್ ಯಾವ ಬಗೆ ಎಂದು ಹೆಸರು ಹಿಡಿದು ಬರೆಸಿ, ಅಂಕೆ ಮಾತ್ರ ಸಾಲದು. ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿ ರಸ್ತೆಗೆ ಇಳಿಯುವಾಗಿನ ಬೆಲೆಯನ್ನು ಇನ್ನೊಂದು ಕಡೆಯ ಬೆಲೆಯೊಂದಿಗೆ ಹೋಲಿಸಿ, ರಿಯಾಯಿತಿಯ ಅಂಕಿಯನ್ನು ನೋಡಲೇಬೇಡಿ. ಕೊನೆಯ ಕಂತು ಕೊಡುವ ಮೊದಲು ಗಾಡಿಯನ್ನು ವೇಬ್ರಿಜ್ ಹತ್ತಿಸಿ, ತೋಟಕ್ಕೆ ನೀರು ಬಿಡುವ ಪೈಪಿನಿಂದ ಚಾವಣಿಗೆ ಒಂದು ಗಂಟೆ ನೀರು ಹೊಡೆಯಿರಿ. ಖಾಲಿ ಫಾರಂಗೆ ಸಹಿ ಬೇಡ. ಬೇಡವೇ ಬೇಡ.

ಗಾಡಿ ಈಗ ಅಡಿಕೆ ಅಂಗಳದ ಬದಿಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಅಮ್ಮ ಇನ್ನೂ ಕೊಲ್ಲೂರಿಗೆ ಹೋಗಿಲ್ಲ, ಕೇಳುವುದನ್ನೂ ನಿಲ್ಲಿಸಿದ್ದಾರೆ. ಆ ಪ್ರದರ್ಶನದಲ್ಲಿ ಅದೇ ಸಂಜೆ ನನ್ನ ಜೊತೆ ಇನ್ನೂ ಮೂವರು ಮುಂಗಡ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತೇ ಹೊರಗೆ ಹೋಗಿ ಟಯರಿನ ನಾಲ್ಕು ಅಂಕೆ ನೋಡಿ, ಕಡತದಲ್ಲಿ ನಮೂನೆ 21 ಹುಡುಕಿ. ತಾರೀಖು ನನ್ನಂತೆಯೇ ಇದ್ದರೆ ನನಗೆ ತಿಳಿಸಿ, ಆಯೋಗದ ಮುಂದೆ ಒಟ್ಟಿಗೆ ನಿಲ್ಲೋಣ.