ಯಡಹಳ್ಳಿಯ ಕುರುಚಲು ಕಾಡಿನಲ್ಲಿ 8×42 ದುರ್ಬೀನು

ಹೊರದೇಶಗಳಲ್ಲಿ ಮಾಂಸಕ್ಕಾಗಿ ಜಿಂಕೆ ಬೇಟೆಯಾಡುವವರೂ ಬಳಸುವ 8×42 ಅಳತೆಯ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿಲಿಮೀಟರ್ ಮುಂಗಾಜಿನ) ದುರ್ಬೀನನ್ನು ಅಂಗಡಿಯೊಂದರಲ್ಲಿ ಕೊಂಡು, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಅಂಚಿನಲ್ಲಿ ಎರಡು ಮುಂಜಾವು ಪರೀಕ್ಷಿಸಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂಥ ಬೇಟೆ ಅಪರಾಧವಾದ್ದರಿಂದ ನನ್ನ ಉದ್ದೇಶ ನೋಡುವುದಷ್ಟೇ. 42 ಮಿಲಿಮೀಟರ್ ಅಗಲದ ಮುಂಗಾಜು ಸಾಕಷ್ಟು ಬೆಳಕನ್ನು ಒಳಗೆ ಬಿಡುವುದರಿಂದ, ಸೂರ್ಯ ಮೂಡುವ ಮುನ್ನವೇ ಜಾಲಿಗಿಡಗಳ ನಡುವೆ ನಿಂತಿದ್ದ ಚಿಂಕಾರದ ಉಂಗುರ ಮೂಡಿದ ಕೊಂಬುಗಳು ಸ್ಪಷ್ಟವಾಗಿ ಕಂಡವು. ಎಂಟು ಪಟ್ಟಿಗಿಂತ ಹೆಚ್ಚಿನ ವರ್ಧನೆಯಿದ್ದರೆ ಕೈನಡುಕಕ್ಕೆ ನೋಟ ಅಲುಗಾಡುತ್ತಿತ್ತು. ಅಂದಹಾಗೆ, ಚಿಂಕಾರ ಜಿಂಕೆಯಲ್ಲ, ಕೊಂಬು ಉದುರಿಸದ ಹುಲ್ಲೆಯ ಜಾತಿ. ದುರ್ಬೀನಿನ ಕೊರಳ ಪಟ್ಟಿ ಮಾತ್ರ ತೀರ ತೆಳು. ಒಂದು ಗಂಟೆಯಲ್ಲೇ ಕುತ್ತಿಗೆ ಕೊರೆಯಿತು, ಅಂಗಡಿಯವರು ಬದಲಿಸಿ ಕೊಡಲಿಲ್ಲ.